ಸರ್ವೀಸ್ ರೋಡೇ ಈಗ ಪೇಟೆಯ ರಸ್ತೆ, ನಿಯಮವೂ ಹಾಗೆಯೇ ಇರಲಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಚೆಂಗಳವರೆಗಿನ 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿ ಅಗಲವಾದದ್ದರಿಂದ ಮಂಗಳೂರಿಗೆ ಹೋಗಿಬರುವವರಿಗೆ ಆದ ಅನುಕೂಲವನ್ನು ಈ ಭಾಗದಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಎನ್‌ಎಚ್ 17 ಎಂದು ಕರೆಯುತ್ತಿದ್ದ ಕಾಲದ ಹೊಂಡಗಳು ಯಾರಿಗೂ ಮರೆತಿಲ್ಲ. ಆದರೆ ಡಿವೈಡರಿನ ನಡುವಿನ ತೆರಪುಗಳನ್ನು ಮುಚ್ಚಿದ ಮೇಲೆ ಊರಿನೊಳಗಿನ ಓಡಾಟವೆಲ್ಲ ಸರ್ವೀಸ್ ರೋಡಿಗೆ ಇಳಿದಿದೆ. ಶಾಲೆ, ರೇಷನ್ ಅಂಗಡಿ, ಬ್ಯಾಂಕು, ಮಸೀದಿ, ದೇವಸ್ಥಾನ, ಮೀನು ಮಾರ್ಕೆಟ್ಟು, ಎಲ್ಲಿಗೆ ಹೋಗಬೇಕಿದ್ದರೂ ದಾರಿ ಅದೊಂದೇ. ಕಟ್ಟುವಾಗ ಅದನ್ನು ಹೆದ್ದಾರಿಯ ಬದಿಯಲ್ಲಿ ಮಿಕ್ಕ ಜಾಗವೆಂದು ಕಂಡರು. ಬಳಕೆಯಲ್ಲಿ ಅದು ಪೇಟೆಯ ಮುಖ್ಯರಸ್ತೆಯಾಗಿದೆ. ಮಂಜೇಶ್ವರ, ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ ಭಾಗದಲ್ಲಿ ಹೆದ್ದಾರಿಗೆ ತಾಗಿ ಇರುವ ಹೆಚ್ಚಿನ ವಾರ್ಡುಗಳ ತೊಂದರೆಯ ಬೇರು ಇಲ್ಲೇ ಇದೆ.

ಮೊದಲು ಅಗಲದ ಲೆಕ್ಕ. ಬೇರೆ ರಾಜ್ಯಗಳಲ್ಲಿ ಇಂಥ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಜಾಗ ತೆಗೆದುಕೊಂಡರೆ ಕೇರಳದಲ್ಲಿ ತೆಗೆದುಕೊಂಡದ್ದು 45 ಮೀಟರ್. ಮನೆ, ಅಂಗಡಿ ಉಳಿಯಲಿ ಎಂದು ನಾವೇ ಒತ್ತಾಯಿಸಿ ಪಡೆದ ರಿಯಾಯಿತಿ ಅದು, ಹಾಗಾಗಿ ಅದಕ್ಕೆ ಯಾರನ್ನೂ ದೂರುವಂತಿಲ್ಲ. ಪಥವೊಂದಕ್ಕೆ 3.5 ಮೀಟರಿನಂತೆ ಆರು ಪಥಕ್ಕೆ 21 ಮೀಟರ್ ಹೋಯಿತು. ನಡುವಿನ ಡಿವೈಡರ್, ಅಂಚು, ಗೋಡೆ, ಎರಡೂ ಬದಿಯ ಚರಂಡಿ ಕಳೆದರೆ ಒಂದೊಂದು ಬದಿಯ ಸರ್ವೀಸ್ ರೋಡಿಗೆ ದಕ್ಕುವುದು ಏಳು ಮೀಟರಿಗೂ ಕಡಿಮೆ. ಬಸ್ಸಿನ ಅಗಲ 2.6 ಮೀಟರಿನವರೆಗೆ ಇರಬಹುದು. ಎರಡು ಬಸ್ಸು ಎದುರುಬದುರಾದರೆ ಕನ್ನಡಿಗಳೂ ಸೇರಿ ಆರು ಮೀಟರಿನ ಹತ್ತಿರ ಬೇಕು. ನಡೆಯುವವರಿಗೆ ಉಳಿಯುವುದು ಚರಂಡಿಯ ಮೇಲಿನ ಸ್ಲ್ಯಾಬು. ಬಸ್ಸಿಗೆ ಜಾಗ ಬಿಡಲು ಬೈಕು ಅದೇ ಸ್ಲ್ಯಾಬಿಗೆ ಹತ್ತುತ್ತದೆ, ಹಿಂದಿನಿಂದ ಪಿಕಪ್ ಕೂಡ ಒಂದು ಚಕ್ರ ಏರಿಸುತ್ತದೆ. ಕಾಲ್ನಡಿಗೆಗೆಂದು ಹಾಸಿದ ಸ್ಲ್ಯಾಬಿನ ಮೇಲೆ ಜಲ್ಲಿ ಲಾರಿಯ ಹಿಂಚಕ್ರ ಹತ್ತಿದರೆ ಅದು ನಡುವೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ನೀರು ನಿಂತಾಗ ಬಿರುಕು ಯಾವುದು, ತೂತು ಯಾವುದು ಎಂದು ತಿಳಿಯುವುದಿಲ್ಲ.

ಇನ್ನು ಬಸ್ಸಿನ ದಿಕ್ಕು. ಇದು ಕಾಗದದ ಮೇಲೆ ಕಾಣುವ ತೊಂದರೆಯಲ್ಲ, ನಿಂತು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬಸ್ಸಿನ ಬಾಗಿಲು ಇರುವುದು ಎಡಬದಿಯಲ್ಲಿ. ಮಂಗಳೂರಿನ ಕಡೆಗೆ ಹೋಗುವ ಬಸ್ಸು ಪಶ್ಚಿಮದ ಸರ್ವೀಸ್ ರೋಡಿನಲ್ಲಿ, ಕಾಸರಗೋಡಿನ ಕಡೆಗೆ ಹೋಗುವುದು ಪೂರ್ವದ ಸರ್ವೀಸ್ ರೋಡಿನಲ್ಲಿ ಸಾಗಿದರೆ ಜನ ಅಂಗಡಿ, ಮನೆಗಳ ಬದಿಗೇ ಇಳಿಯುತ್ತಾರೆ. ಆದರೆ ಒಳನಾಡಿನಿಂದ ಬರುವ ಬಸ್ಸುಗಳು ಹೆದ್ದಾರಿಯ ಅಡಿಯ ಅಂಡರ್‌ಪಾಸ್ ದಾಟುವ ಸುತ್ತು ತಪ್ಪಿಸಲು ಪೂರ್ವದ ಸರ್ವೀಸ್ ರೋಡಿನಲ್ಲೇ ಉತ್ತರಕ್ಕೆ ಹೋಗುತ್ತವೆ. ಆಗ ಬಾಗಿಲು ಹೆದ್ದಾರಿಯ ಗೋಡೆಯ ಕಡೆಗೆ ತೆರೆಯುತ್ತದೆ. ಇಳಿದ ಮಕ್ಕಳು, ಹೆಂಗಸರು ಬಸ್ಸಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತು, ಬಸ್ಸು ಹೊರಟ ಮೇಲೆ ಅಥವಾ ಅದರ ಮುಂದಿನಿಂದಲೇ ರಸ್ತೆ ದಾಟಬೇಕು. ಬಸ್ಸಿನ ಮರೆಯಿಂದ ಹೊರಬರುವ ಮಗು ಎದುರಿನಿಂದ ಬರುವ ಬೈಕಿನವನಿಗೆ ಕೊನೆಯ ಗಳಿಗೆಯವರೆಗೂ ಕಾಣದು.

ರಾತ್ರಿ ಇದೇ ವ್ಯವಸ್ಥೆಯಿಂದ ಇನ್ನೊಂದು ಅಪಾಯ. ಸರ್ವೀಸ್ ರೋಡಿನಲ್ಲಿ ಎದುರು ದಿಕ್ಕಿಗೆ ಬರುವ ವಾಹನ ತನ್ನ ಎಡಕ್ಕೆ, ಅಂದರೆ ಹೆದ್ದಾರಿಯ ಪಕ್ಕಕ್ಕೇ ಒತ್ತಿ ಬರುತ್ತದೆ. ಹೆದ್ದಾರಿಯಲ್ಲಿ ಹೋಗುವ ಚಾಲಕನಿಗೆ ತನ್ನ ಎಡಗಡೆಯಿಂದ ಹೆಡ್‌ಲೈಟ್ ಕಣ್ಣಿಗೆ ರಾಚುತ್ತದೆ. ಎದುರಿನ ಬೆಳಕು ಬಲದಿಂದ ಬರುವುದೇ ನಮಗೆಲ್ಲ ರೂಢಿ. ಮಳೆಯಲ್ಲಿ, ಹೆದ್ದಾರಿಯೂ ಸರ್ವೀಸ್ ರೋಡೂ ಒಂದೇ ಮಟ್ಟದಲ್ಲಿರುವ ಕಡೆ, ಹೊರ ಊರಿನ ಚಾಲಕ ಗಲಿಬಿಲಿಗೊಂಡು ಬಲಕ್ಕೆ ಎಳೆದುಬಿಡುತ್ತಾನೆ. ಅಂಥ ಜಾಗಗಳಲ್ಲಿ ತಡೆಬೇಲಿಯ ಮೇಲೆ ಬೆಳಕು ಮರೆಮಾಡುವ ಪಟ್ಟಿಗಳನ್ನು ಕೂರಿಸಬೇಕು.

ಹಾಗೆಂದು ಸರ್ವೀಸ್ ರೋಡನ್ನು ಪೂರ್ತಿ ಏಕಮುಖ ಮಾಡಿ ಎಂದು ನಾವು ಕೇಳುತ್ತಿಲ್ಲ. ಕೆಲವರು ಕೇಳಿದ್ದಾರೆ, ಅದು ತಪ್ಪು. ಅಂಡರ್‌ಪಾಸ್ ಒಂದೂವರೆ ಕಿಲೋಮೀಟರ್ ದೂರವಿರುವ ಕಡೆ ಏಕಮುಖ ಮಾಡಿದರೆ ಎದುರು ಬದಿಯ ಮೆಡಿಕಲ್ ಶಾಪಿಗೆ ಹೋಗಿಬರಲು ಸುತ್ತು ದುಪ್ಪಟ್ಟಾಗುತ್ತದೆ. ಆಟೋದ ಕನಿಷ್ಠ ಬಾಡಿಗೆ ಒಂದೂವರೆ ಕಿಲೋಮೀಟರಿಗೆ 30 ರೂಪಾಯಿ, ಮುಂದಿನ ಪ್ರತಿ ಕಿಲೋಮೀಟರಿಗೆ 15. ಮೂರು ಕಿಲೋಮೀಟರ್ ಸುತ್ತಿದರೆ ಐವತ್ತೆರಡೂವರೆ ರೂಪಾಯಿ, ಅದೂ ರಸ್ತೆಯ ಆಚೆ ಬದಿಗೆ ಹೋಗಲು! ಬೈಕಿನವರು ನಿಯಮ ಮುರಿದು ಎದುರು ದಿಕ್ಕಿಗೆ ನುಗ್ಗಿಯೇ ನುಗ್ಗುತ್ತಾರೆ. ಬಸ್ಸು ಮತ್ತು ಲಾರಿಗೆ ಮಾತ್ರ ಏಕಮುಖ, ಆಟೋ, ಕಾರು, ಬೈಕಿಗೆ ಎರಡೂ ದಿಕ್ಕು ಎಂದು ಮಾಡಿದರೆ ಸಾಕು. ಒಂದು ರಸ್ತೆಯಲ್ಲಿ ನಿರ್ದಿಷ್ಟ ಬಗೆಯ ವಾಹನಗಳಿಗೆ ನಿರ್ಬಂಧ ಹೇರಲು ಮೋಟಾರು ವಾಹನ ಕಾಯಿದೆಯ 115ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಒಂದು ಅಧಿಸೂಚನೆ, ಕೆಲವು ಬೋರ್ಡು, ಅಷ್ಟೇ ಖರ್ಚು.

ಹೀಗೆ ಮಾಡಿದಾಗ ಬಸ್ಸುಗಳು ಅಂಡರ್‌ಪಾಸ್ ದಾಟಲೇಬೇಕಾಗುತ್ತದೆ. ನಿಜವಾದ ಗಂಟು ಇರುವುದೂ ಅಲ್ಲಿಯೇ. ಹೆದ್ದಾರಿಯ ಅಂಡರ್‌ಪಾಸ್‌ಗಳು ಎಲ್ಲವೂ ಒಂದೇ ಅಳತೆಯವಲ್ಲ. ದೊಡ್ಡ ವಾಹನಗಳಿಗೆ ಕಟ್ಟಿದವುಗಳ ಎತ್ತರ 5.5 ಮೀಟರ್, ಚಿಕ್ಕವುಗಳದು 4 ಮೀಟರ್, ಅಗಲ ಸುಮಾರು 7 ಮೀಟರ್. ಹುಲ್ಲು, ಹಾಸಿಗೆ, ಖಾಲಿ ಮೀನಿನ ಪೆಟ್ಟಿಗೆ ಪೇರಿಸಿದ ಲಾರಿ ನಾಲ್ಕು ಮೀಟರಿನದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಎತ್ತರದ ಅಡ್ಡಕಂಬಿಯನ್ನು ಅಂಡರ್‌ಪಾಸಿನ ಬಾಯಲ್ಲೇ ನಿಲ್ಲಿಸಿದರೆ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಹಿಂದೆ ಹತ್ತು ವಾಹನ ಸೇರಿರುತ್ತವೆ, ರಿವರ್ಸ್ ಹೊಡೆಯಲಾಗದು. ಲಾರಿ ತಿರುಗಿಸಲು ಜಾಗ ಇರುವ ಕೊನೆಯ ತಿರುವಿಗೂ ಮೊದಲೇ ಅದನ್ನು ನಿಲ್ಲಿಸಬೇಕು.

ಬಸ್ಸಿನ ತೊಂದರೆ ಎತ್ತರದ್ದಲ್ಲ, ತಿರುವಿನದು. ಹನ್ನೆರಡು ಮೀಟರ್ ಉದ್ದದ ಬಸ್ಸು ತಿರುಗಲು ಹೊರಗಿನ ಚಕ್ರಕ್ಕೆ ಹೆಚ್ಚುಕಡಿಮೆ ಅಷ್ಟೇ ತ್ರಿಜ್ಯ ಬೇಕು. ಏಳು ಮೀಟರಿನ ಸರ್ವೀಸ್ ರೋಡಿನಿಂದ ಏಳು ಮೀಟರಿನ ಅಂಡರ್‌ಪಾಸಿಗೆ ನೇರ ಮೂಲೆಯಲ್ಲಿ ತಿರುಗುವಾಗ ಅದು ಎರಡೂ ರಸ್ತೆಗಳ ಪೂರ್ಣ ಅಗಲವನ್ನು ಗುಡಿಸಿಕೊಂಡು ಹೋಗುತ್ತದೆ. ಒಳಗಿನಿಂದ ಹೊರಬರುವ ಕಾರು ಆಗಲೇ ಬಾಯಿಯವರೆಗೆ ಬಂದು ನಿಂತಿದ್ದರೆ ಬಸ್ಸು ಅರ್ಧ ತಿರುಗಿ ನಿಲ್ಲುತ್ತದೆ. ಅದರ ಹಿಂದಿನವರು ಹಾರ್ನ್ ಹಾಕುತ್ತಾರೆ, ಕಾರಿನ ಹಿಂದಿನವರು ಮುಂದೊತ್ತುತ್ತಾರೆ, ಐದು ನಿಮಿಷದಲ್ಲಿ ನಾಲ್ಕೂ ದಿಕ್ಕು ಬಂದ್. ಹೆದ್ದಾರಿಯ ಭಾರ ಹೊತ್ತ ಗೋಡೆಯನ್ನು ಕಡಿಯುವಂತಿಲ್ಲ, ಅದು ನಮಗೂ ಗೊತ್ತು. ಮಾಡಬಹುದಾದದ್ದು ಎರಡು. ಮೊದಲನೆಯದು, ಅಂಡರ್‌ಪಾಸಿನೊಳಗಿನಿಂದ ಬರುವವರು ನಿಲ್ಲಬೇಕಾದ ಗೆರೆಯನ್ನು ಬಾಯಿಯಿಂದ ಎಂಟು–ಹತ್ತು ಮೀಟರ್ ಒಳಗೆ ಎಳೆದು, ಸರ್ವೀಸ್ ರೋಡಿನಲ್ಲೂ ಎದುರಿನವರ ಗೆರೆಯನ್ನು ಅಷ್ಟೇ ಹಿಂದಕ್ಕೆ ಹಾಕುವುದು. ನಡುವಿನ ಚೌಕಕ್ಕೆ ಹಳದಿ ಪೆಟ್ಟಿಗೆ ಬರೆದು ಅಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳುವುದು. ಎರಡನೆಯದು, ಎದುರು ಬದಿಯ ಚರಂಡಿಯ ಮೂಲೆಯಲ್ಲಿ ಏಳೆಂಟು ಮೀಟರ್ ಉದ್ದಕ್ಕೆ ಮಾತ್ರ ಲಾರಿಯ ಭಾರ ತಡೆಯುವ ಸ್ಲ್ಯಾಬನ್ನು ರಸ್ತೆಯ ಮಟ್ಟಕ್ಕೆ ಹಾಕಿದರೆ ಬಸ್ಸಿಗೆ ಇನ್ನೊಂದು ಮೀಟರಿನಷ್ಟು ಅಗಲ ಸಿಗುತ್ತದೆ. ಜೊತೆಗೆ ಬಾಯಿಯ ಎರಡೂ ಕಡೆ ದೊಡ್ಡ ಉಬ್ಬುಕನ್ನಡಿ, ಒಳಗೆ ಹಗಲೂ ಉರಿಯುವ ದೀಪ. ಬಿಸಿಲಿನಿಂದ ಒಳಗೆ ಬಂದವನ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲೇ ಅವನು ಆಚೆ ಬಾಯಿ ತಲಪಿರುತ್ತಾನೆ.

ಕಾಲ್ನಡಿಗೆಯವರ ಲೆಕ್ಕ ಬೇರೆ. ಸಿಗ್ನಲ್ ವಿನ್ಯಾಸದಲ್ಲಿ ನಡೆಯುವವರ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಹೆದ್ದಾರಿಯ ಒಂದು ಬದಿಯ ಮೂರು ಪಥ ಮತ್ತು ಅಂಚು ಸೇರಿ ಹನ್ನೆರಡು–ಹದಿಮೂರು ಮೀಟರ್. ದಾಟಲು ಹತ್ತು–ಹನ್ನೊಂದು ಸೆಕೆಂಡು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 240 ಮೀಟರ್ ಬಂದಿರುತ್ತದೆ. ದಾಟಲು ಹೊರಟಾಗ ದೂರದ ಚುಕ್ಕಿಯಂತೆ ಕಂಡದ್ದು ಮೂರನೆಯ ಪಥಕ್ಕೆ ಕಾಲಿಡುವಾಗ ಮೈಮೇಲೆ ಬಂದಿರುತ್ತದೆ. ಮೀನಿನ ಬುಟ್ಟಿ ಹೊತ್ತವರು, ಮುದುಕರು ಆ ವೇಗದಲ್ಲಿ ನಡೆಯುವುದೂ ಇಲ್ಲ. ಆದ್ದರಿಂದ ಡಿವೈಡರ್ ಹಾರಿ ದಾಟುವುದನ್ನು ನಾವು ಸಮರ್ಥಿಸುವುದಿಲ್ಲ. ಅದರ ಬದಲಿಗೆ ಕೊಟ್ಟ ಕಾಲ್ನಡಿಗೆಯ ಮೇಲ್ಸೇತುವೆಯನ್ನು ಜನ ಯಾಕೆ ಬಳಸುವುದಿಲ್ಲ ಎಂಬುದನ್ನೂ ನೋಡಬೇಕು. ಕೆಳಗೆ 5.5 ಮೀಟರ್ ಖಾಲಿ ಬಿಡಬೇಕು, ಮೇಲೆ ತೊಲೆಯ ದಪ್ಪ. ಒಟ್ಟು ಆರು ಮೀಟರಿಗೂ ಮಿಕ್ಕಿ ಏರಬೇಕು. 15 ಸೆಂಟಿಮೀಟರಿನ ಮೆಟ್ಟಿಲಾದರೆ ನಲವತ್ತಕ್ಕಿಂತ ಹೆಚ್ಚು. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ಇಳಿಜಾರು ಬೇಕೆಂದರೆ ಒಂದೊಂದು ಬದಿಗೂ 72 ಮೀಟರಿಗಿಂತ ಉದ್ದ. ಇಷ್ಟು ಏರಿ ಇಳಿದ ಮೇಲೆ ಬಸ್ ನಿಲ್ದಾಣ ಇನ್ನೂ ಮುನ್ನೂರು ಮೀಟರ್ ಆಚೆ ಇದ್ದರೆ ಯಾರು ಹತ್ತುತ್ತಾರೆ? ಸೇತುವೆಯನ್ನು ಸರಿಸುವಂತಿಲ್ಲ, ನಿಲ್ದಾಣವನ್ನು ಸರಿಸಬಹುದು. ಮೆಟ್ಟಿಲಿನ ಬುಡದಲ್ಲೇ ಬಸ್ಸು ನಿಲ್ಲಲಿ, ಅಲ್ಲಿಗೊಂದು ತಗಡಿನ ಮಾಡಾದರೂ ಬರಲಿ. ದೂರದ ಬಸ್ಸುಗಳು ಹೆದ್ದಾರಿಯ ಮೇಲೆಯೇ ನಿಂತು ಜನರನ್ನು ಇಳಿಸುವುದು ಮಾತ್ರ ಪೂರ್ತಿ ನಿಲ್ಲಬೇಕು. ಇಳಿದವರಿಗೆ ಗೋಡೆ ಹಾರುವುದಲ್ಲದೆ ಬೇರೆ ದಾರಿ ಇರುವುದಿಲ್ಲ.

ಮಳೆಗಾಲ ಬಂದರೆ ಮೇಲಿನ ವ್ಯವಸ್ಥೆಯೆಲ್ಲ ನೀರಿನ ಮೇಲೆ ನಿಂತಿದೆ ಎಂದೇ ಹೇಳಬೇಕು. ನಮ್ಮಲ್ಲಿ ನೀರು ಹರಿಯುವುದು ಪೂರ್ವದ ಗುಡ್ಡೆಗಳಿಂದ ಪಶ್ಚಿಮದ ಸಮುದ್ರಕ್ಕೆ. ಹೆದ್ದಾರಿ ಅದಕ್ಕೆ ಅಡ್ಡಲಾಗಿ ಏರಿ ಕೂತಿದೆ, ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ರೈಲು ಹಳಿ ಇನ್ನೊಂದು ಅಡ್ಡಗಟ್ಟೆ. 45 ಮೀಟರ್ ಅಗಲದ ಒಂದು ಕಿಲೋಮೀಟರ್ ಹೆದ್ದಾರಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 45 ಲಕ್ಷ ಲೀಟರ್ ನೀರು. ಜೂನ್–ಜುಲೈಯಲ್ಲಿ ಇಲ್ಲಿ ಅಂಥ ದಿನ ಅಪರೂಪವಲ್ಲ. ಗುಡ್ಡೆಯ ನೀರು ಇದರ ಮೇಲೆ ಬೇರೆ. ಬದಿಯ ಚರಂಡಿ ತೋಡಿಗೆ, ಅಂದರೆ ಹಳ್ಳಕ್ಕೆ, ಸೇರುವವರೆಗೆ ಮುಂದುವರಿಯದೆ ಯಾರದೋ ಹಿತ್ತಲಿನ ಮೂಲೆಯಲ್ಲಿ ಮುಗಿದರೆ ನೀರು ಹಿಂದಕ್ಕೆ ತುಂಬಿ, ಎಲ್ಲಕ್ಕಿಂತ ತಗ್ಗಿನ ಅಂಡರ್‌ಪಾಸಿಗೆ ಇಳಿಯುತ್ತದೆ. ಊರು ದಾಟುವ ಒಂದೇ ದಾರಿ ಅಲ್ಲಿಗೆ ಮುಚ್ಚಿತು. ಮೇ ತಿಂಗಳೊಳಗೆ ಪ್ರತಿ ಅಂಡರ್‌ಪಾಸಿನ ಚರಂಡಿಯನ್ನು ತೋಡಿನ ಬಾಯಿಯವರೆಗೆ ನಡೆದು ನೋಡಬೇಕು, ಮಣ್ಣು ತುಂಬಿದ ಹಳೆಯ ಮೋರಿಗಳನ್ನು ಬಿಡಿಸಬೇಕು. ಆದರೂ ನೀರು ನಿಂತರೆ ಬದಲಿ ದಾರಿ ಯಾವುದು, ಅದನ್ನು ತೆರೆಯುವ ಅಧಿಕಾರ ಯಾರಿಗೆ ಎಂಬುದು ಮೊದಲೇ ಬರೆದಿಟ್ಟಿರಬೇಕು.

ಆಂಬುಲೆನ್ಸಿನ ವಿಚಾರ ಚಿಕ್ಕದಾಗಿ. ಇಲ್ಲಿಯ ರೋಗಿಗಳು ಹೆಚ್ಚಾಗಿ ಹೋಗುವುದು ಮಂಗಳೂರಿಗೆ. ಒಳರಸ್ತೆಯಿಂದ ಸರ್ವೀಸ್ ರೋಡಿಗೆ ಬಂದ ಚಾಲಕನಿಗೆ ಉತ್ತರ ದಿಕ್ಕಿನ ಹೆದ್ದಾರಿಗೆ ಏರುವ ತೆರಪು ಎಡಕ್ಕೋ ಬಲಕ್ಕೋ, ಎಷ್ಟು ದೂರ ಎಂದು ತಿಳಿಯಬೇಕು. ಪ್ರತಿ ಕೂಡುರಸ್ತೆಯಲ್ಲಿ ‘ಮಂಗಳೂರು ಕಡೆಗೆ ಪ್ರವೇಶ’ ಎಂದು ಬಾಣ ಮತ್ತು ಮೀಟರ್ ಸಹಿತ ಬೋರ್ಡು ಬೇಕು. ಹೆದ್ದಾರಿ ಸಹಾಯವಾಣಿ 1033ಕ್ಕೋ ತುರ್ತು ಸಂಖ್ಯೆ 112ಕ್ಕೋ ಕರೆ ಮಾಡುವವನಿಗೆ ಜಾಗ ಹೇಳಲು ಅಂಡರ್‌ಪಾಸಿನ ಗೋಡೆಯ ಮೇಲೆ ಊರಿನ ಹೆಸರು, ಕಿಲೋಮೀಟರ್ ಸಂಖ್ಯೆ ದೊಡ್ಡದಾಗಿ ಬರೆದಿರಲಿ. ಕನ್ನಡದಲ್ಲೂ ಬರೆದಿರಲಿ. ಕಾಸರಗೋಡಿನ ಕನ್ನಡಿಗರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಒಪ್ಪಿಕೊಂಡಿದೆ; ‘ಮುಂದೆ ರಸ್ತೆ ಮುಚ್ಚಿದೆ’ ಎಂಬ ಮೂರು ಪದ ಮಾತ್ರ ಯಾಕೆ ನಮಗೆ ಅರ್ಥವಾಗದ ಲಿಪಿಯಲ್ಲಿರಬೇಕು?

ಆಟೋ ಸ್ಟ್ಯಾಂಡು, ಬಸ್ ನಿಲ್ದಾಣ, ಅಂಗಡಿಗಳ ಸಾಮಾನು ಇಳಿಸುವ ಹೊತ್ತು, ಇವುಗಳನ್ನು ತೀರ್ಮಾನಿಸಲು ಪಂಚಾಯತ್ ಮಟ್ಟದಲ್ಲೇ ಟ್ರಾಫಿಕ್ ರೆಗ್ಯುಲೇಟರಿ ಸಮಿತಿ ಇದೆ. ಅಂಗಡಿಯವರು ಎಂಟು ಗಂಟೆಯೊಳಗೆ ಸಾಮಾನು ಇಳಿಸಿ ಮುಗಿಸಲು ಒಪ್ಪಿದರೆ ಶಾಲೆಯ ಹೊತ್ತಿಗೆ ಅರ್ಧ ರಸ್ತೆ ವಾಪಸು ಸಿಗುತ್ತದೆ. ಇದರಲ್ಲಿ ನಮ್ಮವರ ಪಾಲೂ ಇದೆ. ಗೋಡೆ, ಸ್ಲ್ಯಾಬು, ದೀಪ, ಚರಂಡಿ ಮಾತ್ರ ಹೆದ್ದಾರಿ ಕಟ್ಟಿದವರ ಮತ್ತು ಕಟ್ಟಿಸಿದವರ ಹೊಣೆ. ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದೆಂದು ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ ಸೆಕ್ಷನ್ 198ಎ ಹೇಳುತ್ತದೆ. ಸತ್ತ ಮೇಲೆ ಬರುವ ದಂಡದ ಆಸೆ ನಮಗಿಲ್ಲ.

ಜಿಲ್ಲಾಧಿಕಾರಿಗಳು ಪೊಲೀಸ್, ಮೋಟಾರು ವಾಹನ ಇಲಾಖೆ, ಪಂಚಾಯತ್ ಮತ್ತು ಹೆದ್ದಾರಿಯ ಎಂಜಿನಿಯರುಗಳನ್ನು ಸೇರಿಸಿ ಜಂಟಿ ತಪಾಸಣೆ ನಡೆಸಬೇಕೆಂದು ಕೋರುತ್ತೇವೆ. ಅವರು ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯೊಳಗೆ ಅಥವಾ ಸಂಜೆ ಶಾಲೆ ಬಿಡುವ ಹೊತ್ತಿಗೆ ಬರಲಿ, ಒಮ್ಮೆ ಮಳೆಯ ದಿನವೂ ಬರಲಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ನೋಡಿದರೆ ಇಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಇತಿ,
ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲದ ನಿವಾಸಿಗಳು,
ಕಾಸರಗೋಡು ಜಿಲ್ಲೆ