ಅಪ್ಪನ ಮಾತ್ರೆ ವಿಚಾರ

ಲೀಡ್ಸ್, ಭಾನುವಾರ

ರಘು,

ಉಭಯಕುಶಲೋಪರಿ. ಇಲ್ಲಿ ಎಲ್ಲರೂ ಆರಾಮ, ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ ಅಷ್ಟೆ.

ಅಪ್ಪ ಎಂಟೇ ದಿನಕ್ಕೆ ಖಿನ್ನತೆಯ ಮಾತ್ರೆ ಬಿಟ್ಟರು, ಹೊಟ್ಟೆ ತೊಳಸುತ್ತದಂತೆ, ಗುಣವೂ ಕಾಣಲಿಲ್ಲವಂತೆ ಅಂತ ಬರೆದಿದ್ದೀಯ. ಅವರಿಗೆ ಕೊಟ್ಟಿರುವ ಎಸ್ಸಿಟಾಲೋಪ್ರಾಮ್ ಮಾತ್ರೆ ಹಾಗೇ ಮಾರಾಯ. ಕಿರಿಕಿರಿ ಮೊದಲ ವಾರವೇ ಬರುತ್ತದೆ, ಗುಣ ಕಾಣೋದು ಎರಡರಿಂದ ನಾಲ್ಕು ವಾರಕ್ಕೆ. ಜನ ಬಿಡೋದು ಈ ನಡುವಿನ ದಿನಗಳಲ್ಲೇ. ಹಾಗಂತ ನೀನೇ ಮತ್ತೆ ಶುರು ಮಾಡಬೇಡ. ಬಿಟ್ಟು ಎಷ್ಟು ದಿನವಾಯಿತು ಅಂತ ಡಾಕ್ಟರಿಗೆ ಹೇಳು, 5 ಮಿ.ಗ್ರಾಂನಿಂದ ಏರಿಸಬಹುದಾ, ಬೆಳಿಗ್ಗೆ ತಿಂಡಿ ಆದಮೇಲೆ ಕೊಡಬಹುದಾ ಕೇಳು. ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್ ಮಾತ್ರೆ ಪಟ್ಟಿಯನ್ನೂ ತೋರಿಸು, ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಇರುತ್ತದೆ. ವಯಸ್ಸಾದವರಿಗೆ ಎಸ್ಸಿಟಾಲೋಪ್ರಾಮ್‌ನಿಂದ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯುವುದುಂಟು. ಮಾತು ಗಲಿಬಿಲಿಯಾದರೆ, ನಡೆಯುವಾಗ ವಾಲಿದರೆ, ಅವತ್ತೇ ರಕ್ತ ಪರೀಕ್ಷೆ ಮಾಡಿಸು. ಥೈರಾಯ್ಡ್, ಬಿ12 ಕೂಡ ನೋಡಿಸು. ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಹೀಗೇ ಮಂಕಾಗುತ್ತಾನೆ.

ಅಭ್ಯಾಸವಾಗಿಬಿಡುತ್ತದೆ ಅಂತ ಅಮ್ಮ ಹೆದರೋದು ನಿದ್ದೆ ಮಾತ್ರೆ ಮಾತು ಕೇಳಿ. ಇದು ಆ ಜಾತಿಯದಲ್ಲ. ಆದರೆ ಗುಣವಾದ ಮೇಲೂ ಆರು ತಿಂಗಳಿಂದ ವರ್ಷ ನುಂಗಬೇಕು, ಬಿಡುವಾಗ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

'ನಮ್ಮನೆಗೇ ಯಾಕೆ ಬಂತು ಇದು' ಅಂತ ಅಮ್ಮ ಅಂದರಂತಲ್ಲ? ನಿಮ್ಹಾನ್ಸ್‌ನವರು 2015-16ರಲ್ಲಿ ದೇಶದ ಸಮೀಕ್ಷೆ ಮಾಡಿದಾಗ 20 ದೊಡ್ಡವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದದ್ದು ಕಂಡಿತ್ತು. ನಮ್ಮೂರ ಒಂದು ಮದುವೆ ಪಂಕ್ತಿಯಲ್ಲೇ ಎಷ್ಟು ಜನ ಆದರು, ಲೆಕ್ಕ ಹಾಕಿ ಹೇಳು. ಅವರೆಲ್ಲ ಬೇಜಾರು ಅನ್ನುವುದಿಲ್ಲ. ಗ್ಯಾಸು, ಮೈಕೈ ನೋವು, ಊಟ ಸೇರೋದಿಲ್ಲ ಅನ್ನುತ್ತಾರೆ, ಅಪ್ಪನ ಹಾಗೆ.

ಇಲ್ಲಿನವರ ತಮಾಷೆ ಕೇಳು. ಮನಸ್ಸು ಕುಗ್ಗಿದವರನ್ನು ಆಸ್ಪತ್ರೆ ಕಡೆಯಿಂದಲೇ ತೋಟದ ಕೆಲಸಕ್ಕೆ ಕಳಿಸುತ್ತಾರೆ! ನಮ್ಮಲ್ಲಿ ಅದು ಬಿಟ್ಟಿ. ಆದರೆ ಅದರಲ್ಲಿ ಹುರುಳಿದೆ. 'ತೋಟಕ್ಕಾದರೂ ಹೋಗಿ ಬನ್ನಿ' ಅಂತ ಅಟ್ಟಬೇಡ. ದಿನಾ ಒಂಬತ್ತಕ್ಕೆ ಜತೆಗೇ ಕರೆದುಕೊಂಡು ಹೋಗಿ ಹಳ್ಳದ ಮೋಟರ್ ಹಾಕಿಸಿಕೊಂಡು ಬಾ. ಹತ್ತೇ ನಿಮಿಷ. ತೋಟದ ಎಲೆಚುಕ್ಕಿ ರೋಗ, ಸಾಲದ ಸುದ್ದಿ ಆಗ ಬೇಡ. 'ಮನಸ್ಸು ಗಟ್ಟಿ ಮಾಡಿ' ಅನ್ನಲೂ ಬೇಡ, ಕಾಯಿಲೆ ಬಿದ್ದಿರೋದೇ ಮನಸ್ಸು.

ಇನ್ನೊಂದು, ಇದನ್ನು ಅಮ್ಮನಿಗೆ ಓದಿ ಹೇಳಬೇಡ. 'ಬದುಕೋದೇ ಬೇಡ ಅನ್ನಿಸುತ್ತದಾ ಅಪ್ಪಾ?' ಅಂತ ನೇರವಾಗಿ ಕೇಳು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಏನೇ ಅಂದರೂ, ತೋಟಕ್ಕೆ ಹೊಡೆಯೋ, ಅಟ್ಟದ ಮೇಲಿನ ಔಷಧಿ ಡಬ್ಬಿಗಳನ್ನು ಇವತ್ತೇ ಪೆಟ್ಟಿಗೆಗೆ ಹಾಕಿ ಬೀಗ ಜಡಿ, ಕೀಲಿ ನಿನ್ನ ಹತ್ತಿರ ಇರಲಿ.

ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋದು ಮಂಗಳವಾರ. ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ವಿಚಾರಿಸಿಕೋ. ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ಕ್ಯಾಲೆಂಡರ್ ಮೇಲೆ ಬರೆದಿಡು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮ ಹೆದರಬಾರದು. ಗುಣವಾಗುವ ಕಾಯಿಲೆ ಇದು, ಗುಣವಾಗುತ್ತದೆ, ನಾನು ಹೇಳುತ್ತಿದ್ದೇನಲ್ಲ. ಖರ್ಚಿನ ಯೋಚನೆಯೂ ಬೇಡ.

ಡ್ಯೂಟಿಗೆ ಹೊತ್ತಾಯಿತು. ಬುಧವಾರ ಫೋನ್ ಮಾಡುತ್ತೇನೆ, ಬೀಗದ ಕೆಲಸ ಆಗಿರಲಿ.

ನಿನ್ನ ಅಕ್ಕ