ನಿನ್ನ ಎಡಗಿವಿಯ ವಿಚಾರ

ಪುಟ್ಟಿ,

ನಿನ್ನೆ ಫೋನಿನಲ್ಲಿ ಬರ್ಲಿನ್ ಟಿಕೆಟ್ಟು, ವೀಸಾ, ಚಳಿ ಬಟ್ಟೆ ಎಲ್ಲ ಹೇಳಿ ಮುಗಿಸಿ, ಇಡುವ ಹೊತ್ತಿಗೆ 'ಎಡಗಿವಿಯಲ್ಲಿ ನಾಲ್ಕು ದಿನದಿಂದ ಕುಂಯ್ ಅಂತಿದೆ, ಹೋಗುತ್ತೆ ಬಿಡಮ್ಮ' ಅಂದೆಯಲ್ಲ, ಆಮೇಲೆ ನೀನು ಹೇಳಿದ್ದು ಒಂದೂ ನನ್ನ ತಲೆಗೆ ಹೋಗಲಿಲ್ಲ. ದನಿ ಏರಿಸಿಬಿಟ್ಟೆ. ನಿನಗೆ ಬೇಜಾರಾಗಿದೆ ಅಂತ ಗೊತ್ತು, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಮತ್ತೆ ಫೋನ್ ಮಾಡಿದರೆ ಮತ್ತೆ ಜಗಳವೇ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೆಲಸ ಬಿಟ್ಟು ಡಿಜೆ ಆದ ವರ್ಷದ ಮಾತು ಎತ್ತುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ಈಗ ನಿಮ್ಮಪ್ಪನೂ ಎತ್ತುವುದಿಲ್ಲ. ನನಗೆ ಹೇಳಬೇಕಾಗಿರುವುದು ನಿಮ್ಮಜ್ಜನ ಕಿವಿಯ ವಿಷಯ.

ನೀನು ಕಂಡಿದ್ದು ಪಡಸಾಲೆಯ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ ಅಜ್ಜನನ್ನು. ಎಲ್ಲರೂ ನಕ್ಕರೆ ತಾವೂ ನಗುತ್ತಿದ್ದರು, ಯಾಕೆ ಅಂತ ತಿಳಿಯದೆ. ಅವರ ಸ್ವಭಾವ ಹಾಗಿರಲಿಲ್ಲ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಲ್ಲಿ ಮಿಲ್ಲಿನ ಮಗ್ಗದ ಖಾತೆಗೆ ಸೇರಿದಾಗ ಅವರು ಭಜನೆ ಮೇಳದಲ್ಲಿ ಮುಂದೆ ನಿಂತು ಹಾಡುತ್ತಿದ್ದವರು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು, ಅಂಥ ನೂರಾರು ಮಗ್ಗ ಒಂದೇ ಸೂರಿನ ಕೆಳಗೆ. ಅಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲವಂತೆ, ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಕೈಗೆ ಸಿಕ್ಕ ಅರಳೆಯನ್ನೇ ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದರು. ಅದರಿಂದ ಸದ್ದು ಹೆಚ್ಚುಕಡಿಮೆ ಏನೂ ತಗ್ಗುವುದಿಲ್ಲ ಅಂತ ಅವರಿಗೆ ಹೇಳುವವರಿರಲಿಲ್ಲ.

ಅವರಿಗೂ ಮೊದಲು ಬಂದದ್ದು ಇದೇ ಕುಂಯ್. ರಾತ್ರಿ ಮಲಗಿದಾಗ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುತ್ತೆ ಅನ್ನುತ್ತಿದ್ದರು. ಭಾನುವಾರ ರಜೆ, ಸೋಮವಾರಕ್ಕೆ ಕಡಿಮೆ. ಹಾಗೇ ವರ್ಷಗಳು ಹೋದವು. ಆಮೇಲೆ ಗಂಡಸರ ಮಾತು ಕೇಳಿಸುತ್ತಿತ್ತು, ಹೆಂಗಸರದ್ದು, ಮಕ್ಕಳದ್ದು ಕೇಳಿಸುತ್ತಿರಲಿಲ್ಲ. ಅಂದರೆ ಮನೆಯಲ್ಲಿ ಅವ್ವನ ದನಿ ಮತ್ತು ನನ್ನ ದನಿ. ನನ್ನ ಮದುವೆಯ ಹೊತ್ತಿಗೆ ಅವರು ಭಜನೆಗೆ ಹೋಗುವುದನ್ನೇ ಬಿಟ್ಟಿದ್ದರು, ತಾಳ ತಪ್ಪುತ್ತೆ ಅಂತ ನಾಚಿಕೆ. ನೀನು ತೊದಲು ಮಾತಿನಲ್ಲಿ 'ಅಜ್ಜ' ಅಂತ ಕೂಗಿದರೆ ತಿರುಗುತ್ತಿರಲಿಲ್ಲ. ನೀನು ಹೋಗಿ ಅಂಗಿಯ ತುದಿ ಎಳೆಯುತ್ತಿದ್ದೆ.

ಕಿವಿಯ ಪಾಠವನ್ನು ಪ್ರತಿವರ್ಷ ಮಕ್ಕಳಿಗೆ ಮಾಡಿದವಳು ನಾನು, ಈಗ ನಿನಗೂ ಮಾಡುತ್ತೇನೆ, ಕೇಳಿಸಿಕೋ. ಒಳಗಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳಿರುತ್ತವೆ. ಹುಟ್ಟುವಾಗ ಬಂದಷ್ಟೇ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ, ಸಾಯುವಾಗ ನೋವೂ ಆಗುವುದಿಲ್ಲ. ಸದ್ದಿನ ಜೋರನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೆ ಇಳಿಯುತ್ತಾ 100ಕ್ಕೆ ಬರುವಾಗ 15 ನಿಮಿಷ. ಆ 100ರ ಸದ್ದಿನಲ್ಲಿ ನೀನು ಎರಡು ಗಂಟೆ ಸೆಟ್ ನುಡಿಸಿದರೆ ಎಂಟು ದಿನದ ಪಾಲನ್ನು ಒಂದೇ ರಾತ್ರಿಯಲ್ಲಿ ಕಿವಿಗೆ ಸುರಿದ ಹಾಗೆ. ಅದರ ಮೇಲೆ ಮುಂದಿನ ಹಾಡು ಕೂಡಿಸಿಕೊಳ್ಳಲು ಹೆಡ್‌ಫೋನ್‌ನ ಒಂದು ಬದಿಯನ್ನು ಎಡಗಿವಿಗೆ ಒತ್ತಿಕೊಳ್ಳುತ್ತೀಯ, ಪಕ್ಕದ ಮಾನಿಟರ್ ಸ್ಪೀಕರ್ ಮೀರಿ ಕೇಳಿಸಬೇಕಲ್ಲ ಅಂತ ಅದರ ವಾಲ್ಯೂಮನ್ನೂ ಏರಿಸುತ್ತೀಯ. ನಿನ್ನ ವಿಡಿಯೊಗಳನ್ನೆಲ್ಲ ನಿನ್ನೆ ರಾತ್ರಿ ಮತ್ತೆ ಹಾಕಿ ನೋಡಿದೆ. ಎಲ್ಲದರಲ್ಲೂ ಎಡಗಿವಿಯೇ.

ಹೆಮ್ಮೆ ಇಲ್ಲ ಅಂತ ತಿಳಿಯಬೇಡ. ಬೆಟಗೇರಿಗೆ ಹೋಗಿ ಮಗ್ಗದ ಸದ್ದು ರೆಕಾರ್ಡ್ ಮಾಡಿಕೊಂಡು ಬಂದು, ಲಾಳಿಯ ಒಂದೊಂದು ಬಡಿತವನ್ನೂ ಕತ್ತರಿಸಿ, ಕಿಕ್ ಡ್ರಮ್ಮಿನ ಪಕ್ಕದಲ್ಲಿ ಕೂರಿಸಿ ಮಾಡಿದೆಯಲ್ಲ ಆ ಹಾಡು, ಅದನ್ನು ಕೇಳಿದಾಗ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ. ಅಪ್ಪನ ಸದ್ದು ಅದು. ಬರ್ಲಿನ್ನಿನ ಟೆಕ್ನೋ ಸಂಗೀತವನ್ನು 2024ರಲ್ಲಿ ಜರ್ಮನಿಯವರು ತಮ್ಮ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ ಅಂತ ನಿಮ್ಮಪ್ಪ ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಅಂಥ ಊರಿನಲ್ಲಿ ನಮ್ಮ ಮಗಳು ನುಡಿಸುತ್ತಾಳೆ ಅಂದರೆ ಸಣ್ಣ ಮಾತಲ್ಲ.

ಆದರೆ ಇದು ಉದ್ದದ ದಾರಿ, ಪುಟ್ಟಿ. ನೀನೇ ಹೇಳಿದ್ದಲ್ಲವಾ ಚರಣ್‌ಜಿತ್ ಸಿಂಗ್ ಕತೆ? ಬಾಂಬೆಯಲ್ಲಿ ಸಿನಿಮಾ ಆರ್ಕೆಸ್ಟ್ರಾಗಳಿಗೆ ನುಡಿಸುತ್ತಿದ್ದವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರ ಇಟ್ಟುಕೊಂಡು ಹತ್ತು ರಾಗಗಳ ಗ್ರಾಮಫೋನ್ ತಟ್ಟೆ ತಂದರು. ಆಗ ಯಾರೂ ಕೊಳ್ಳಲಿಲ್ಲ. ಶಿಕಾಗೊದ ಹುಡುಗರು ಅದೇ ಬಗೆಯ ಯಂತ್ರದಿಂದ ಆ್ಯಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಹುಟ್ಟಿಸಿ 1987ರಲ್ಲಿ ತಟ್ಟೆ ತರುವುದಕ್ಕೆ ಐದು ವರ್ಷ ಮೊದಲಿನ ಮಾತು ಅದು. 2010ರಲ್ಲಿ ಆ ತಟ್ಟೆ ಮತ್ತೆ ಬಂದ ಮೇಲೆ, ಎಪ್ಪತ್ತು ದಾಟಿದ ಮನುಷ್ಯನನ್ನು ಯುರೋಪಿನವರು ಕರೆಸಿ ನುಡಿಸಿದರು. ನಿನ್ನ ದೊಡ್ಡ ರಾತ್ರಿಯೂ ಎಪ್ಪತ್ತಕ್ಕೇ ಬರಬಹುದು. ಆಗ ಕಿವಿ ಉಳಿದಿರಬೇಕಲ್ಲ.

ಸ್ವೀಡನ್ನಿನ ಡಿಜೆ ಅವಿಚಿಯ ವಿಷಯವೂ ಓದಿದೆ. 2012ರಲ್ಲೇ ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಿದ. 2014ರಲ್ಲಿ ಆಪರೇಷನ್. 2016ರವರೆಗೂ ತಿರುಗಾಟ ಬಿಡಲಾಗಲಿಲ್ಲ, 2018ರಲ್ಲಿ 28ನೇ ವಯಸ್ಸಿಗೇ ಹೋಗಿಬಿಟ್ಟ. ಆ ತಂದೆತಾಯಿ ಈಗ ಮಗನ ಹೆಸರಿನಲ್ಲಿ ಸಂಸ್ಥೆ ಕಟ್ಟಿ ಬೇರೆಯವರ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ದುಡಿಯುತ್ತಿದ್ದಾರೆ. ಇದರ ಬಗ್ಗೆ ಹೆಚ್ಚು ಬರೆಯಲು ಕೈ ಬರುವುದಿಲ್ಲ. ದೇಹ ಒಂದು ಮಾತು ಹೇಳಿದಾಗ ಬುಕಿಂಗ್ ಮಾಡುವವರಿಗೆ 'ಈ ವಾರ ಆಗಲ್ಲ' ಅನ್ನಲು ಕಲಿತುಕೋ. ಒಂದು ರಾತ್ರಿ ಬಿಟ್ಟರೆ ಹೆಸರು ಹೋಗುವುದಿಲ್ಲ.

ಕಿವಿಯ ಅಳತೆ ತೆಗೆದು ಅಚ್ಚು ಮಾಡಿ, ಫಿಲ್ಟರ್ ಕೂರಿಸಿದ ಪ್ಲಗ್ ಸಿಗುತ್ತೆ, ಸಂಗೀತದವರಿಗೆ ಅಂತಲೇ ಮಾಡಿದ್ದು. ಸ್ಪಂಜಿನ ಪ್ಲಗ್ಗಿನ ಹಾಗೆ ತಾರದ ಸದ್ದುಗಳನ್ನೇ ಹೆಚ್ಚಾಗಿ ಮುಚ್ಚುವುದಿಲ್ಲ, ಎಲ್ಲವನ್ನೂ ಒಂದೇ ಸಮ ತಗ್ಗಿಸುತ್ತೆ, ಮಿಕ್ಸ್ ಕೆಡುವುದಿಲ್ಲ. 15 ಡೆಸಿಬೆಲ್‌ನದ್ದು ಹಾಕಿಕೊಂಡರೆ 100 ಇದ್ದದ್ದು 85. ಲೆಕ್ಕ ನೀನೇ ಮಾಡಿ ನೋಡು, 15 ನಿಮಿಷ 8 ಗಂಟೆಯಾಗುತ್ತೆ. ಅಜ್ಜನಿಗೆ ಅರಳೆ ಬಿಟ್ಟರೆ ಬೇರೆ ಇರಲಿಲ್ಲ, ನಿನಗೆ ಇದೆ. ಅದರ ದುಡ್ಡು ನಾನು ಕೊಡುತ್ತೇನೆ, ಬೇಡ ಅನ್ನಬೇಡ.

ವಿಮಾನ ಹತ್ತುವ ಮುಂಚೆ ಕಿವಿ ಡಾಕ್ಟರ ಹತ್ತಿರ ಆಡಿಯೊಗ್ರಾಮ್ ಮಾಡಿಸು, ಎಷ್ಟು ಕೇಳಿಸುತ್ತೆ ಅಂತ ಗೆರೆ ಎಳೆದು ತೋರಿಸುವ ಪರೀಕ್ಷೆ ಅದು. ಸದ್ದಿನಿಂದ ಕೆಟ್ಟಿದ್ದರೆ ಗೆರೆ ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನಲ್ಲಿ ಗುಂಡಿ ಬೀಳುತ್ತೆ, ಅಲ್ಲಿ ನೋಡಿಸು. ನಾಳೆಯೇ ಅಪಾಯಿಂಟ್‌ಮೆಂಟ್ ತಗೋ. ಸೋಮವಾರ ಬೆಳಗಿನ ಟ್ರೇನಿಗೆ ನಾನೂ ಬೆಂಗಳೂರಿಗೆ ಬರುತ್ತಿದ್ದೇನೆ, ಜೊತೆಗೇ ಹೋಗೋಣ. ಅಲ್ಲಿಯವರೆಗೆ ಹೆಡ್‌ಫೋನ್ ಮುಟ್ಟಬೇಡ. ಶನಿವಾರದ ಕಾರ್ಯಕ್ರಮ ಬೇರೆಯವರಿಗೆ ಬಿಟ್ಟುಕೊಡು.

ನಿನ್ನ ಅಮ್ಮ