ಆಸ್ಪತ್ರೆ ಮಾಳಿಗೆಗೆ ಎರಡು ಕೈ ಸುಣ್ಣ ಬಳಿಸಿ

ಮಾನ್ಯ ಸಂಪಾದಕರೇ,

ಕಳೆದ ಏಪ್ರಿಲ್‌ನಲ್ಲಿ ಮಗಳ ಚೊಚ್ಚಲ ಹೆರಿಗೆಗೆಂದು ವಿಜಯಪುರ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಕಳೆದೆ. ವೈದ್ಯರ, ದಾದಿಯರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಮಾಳಿಗೆಯ, ಅಂದರೆ ಚಾವಣಿಯ ಬಗ್ಗೆ. ಬಾಣಂತಿಯರ ವಾರ್ಡು ಮೇಲಿನ ಮಹಡಿಯಲ್ಲಿತ್ತು. ರಾತ್ರಿ ಹನ್ನೊಂದಾದರೂ ಸ್ಲ್ಯಾಬು ಕಾದ ಹಂಚಿನಂತಿರುತ್ತಿತ್ತು, ಫ್ಯಾನು ಆ ಝಳವನ್ನೇ ಕೂಸುಗಳ ಮೇಲೆ ನೂಕುತ್ತಿತ್ತು. ಮಧ್ಯಾಹ್ನ ಕೂಸಿನ ಬಟ್ಟೆ ಒಗೆಯಲು ನಲ್ಲಿ ತಿರುಗಿಸಿದ ನನ್ನ ಹೆಂಡತಿ ಕೈ ಸುಟ್ಟವಳಂತೆ ಹಿಂದಕ್ಕೆ ಎಳೆದುಕೊಂಡಳು. ಮೇಲೆ ಹತ್ತಿ ನೋಡಿದೆ. ಸೋರಿಕೆ ತಡೆಯಲು ಹಾಸಿದ ಕಪ್ಪು ಡಾಂಬರು ಹಾಳೆ, ಅದರ ಮೇಲೆ ಎರಡು ಕಪ್ಪು ಪ್ಲಾಸ್ಟಿಕ್ ಟ್ಯಾಂಕು. ಚಪ್ಪಲಿಯ ಅಟ್ಟೆ ಅಂಟಿ ಅಂಟಿ ಬರುತ್ತಿತ್ತು.

ಇಂಥ ಚಾವಣಿಗಳನ್ನು ಎಂಜಿನಿಯರಾಗಿ ನಾನೂ ಮೂವತ್ತು ವರ್ಷ ಹಾಕಿಸಿದ್ದೇನೆ, ಆದ್ದರಿಂದ ಬೇರೆಯವರತ್ತ ಬೆರಳು ತೋರಿಸುತ್ತಿಲ್ಲ. ಭಾರ ಲೆಕ್ಕ ಹಾಕಿದೆವು, ಕಬ್ಬಿಣ ಲೆಕ್ಕ ಹಾಕಿದೆವು, ಬಿಸಿಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಜಂತಿಯ ಮೇಲೆ ದಪ್ಪಗೆ ಮಣ್ಣು ಹೇರಿ ಮಾಳಿಗೆ ಕಟ್ಟಿದ ನಮ್ಮ ಅಜ್ಜಂದಿರಿಗೆ ಆ ಲೆಕ್ಕ ಗೊತ್ತಿತ್ತು.

ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿ ಮಾಳಿಗೆಗೆ ಈಗ 'ಕೂಲ್ ರೂಫ್' ಎಂಬ ಹೆಸರು ಬಂದಿದೆ. ಡಾಂಬರಿನಂಥ ಕಪ್ಪು ಮೇಲ್ಮೈ ಬಿಸಿಲಿನ ಹತ್ತರಲ್ಲಿ ಒಂಬತ್ತು ಪಾಲನ್ನು ನುಂಗಿಬಿಡುತ್ತದೆ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಲೇಪನ ಶೇ 70ರಿಂದ 80ರಷ್ಟನ್ನು ಬಂದ ದಾರಿಗೇ ಅಟ್ಟುತ್ತದೆ. ದೊಡ್ಡ ಹೊಸ ಕಟ್ಟಡಗಳ ಸಮತಟ್ಟು ಚಾವಣಿ ಕನಿಷ್ಠ ಶೇ 60ರಷ್ಟು ಬಿಸಿಲನ್ನು ಪ್ರತಿಫಲಿಸಬೇಕೆಂದು ಕೇಂದ್ರದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೇ ಹೇಳಿತ್ತು. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ನೀತಿ ತಂದು ಸರಕಾರಿ ಕಟ್ಟಡಗಳಿಗೆ ಕಡ್ಡಾಯ ಮಾಡಿತು. ಅಹಮದಾಬಾದಿನ ಒಂದು ಆಸ್ಪತ್ರೆಯಂತೂ 2010ರ ಬಿಸಿಗಾಳಿಯ ನಂತರ ನವಜಾತ ಶಿಶುಗಳ ವಾರ್ಡನ್ನೇ ಮೇಲಿನ ಮಹಡಿಯಿಂದ ಕೆಳಕ್ಕೆ ಇಳಿಸಿತು.

ಹತ್ತು ಮಹಡಿಯ ಆಸ್ಪತ್ರೆಯಲ್ಲಿ ಬಿಳಿ ಮಾಳಿಗೆಯ ತಂಪು ಕೆಳಗಿನವರಿಗೆ ತಟ್ಟುವುದೇ ಇಲ್ಲ, ನಿಜ. ಆದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚಿನವು ಒಂದೇ ಅಂತಸ್ತಿನವು, ರೋಗಿಯ ತಲೆಯ ಮೇಲೆ ನೇರ ಮಾಳಿಗೆ. ಅಲ್ಲಿನ ಔಷಧ ಕೋಣೆಗೂ ಅದೇ ಮಾಳಿಗೆ. '30 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿಡಿ' ಎಂದು ಎಷ್ಟೋ ಮಾತ್ರೆಗಳ ಪೊಟ್ಟಣದ ಮೇಲೆ ಬರೆದಿರುತ್ತದೆ. ಹೊರಗೆ 41 ಇರುವಾಗ ಆ ಕೋಣೆಯಲ್ಲಿ ಎಷ್ಟಿರುತ್ತದೆ? ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಕಾಯುವ ಫ್ರಿಜ್ಜು ಕೋಣೆ ಕಾದಷ್ಟೂ ಹೆಚ್ಚು ಓಡಬೇಕು.

ಹಣದ ಮಾತಿಗೆ ಬಂದರೆ, ಶಸ್ತ್ರಚಿಕಿತ್ಸಾ ಕೊಠಡಿಗೂ ಪ್ರಯೋಗಾಲಯಕ್ಕೂ ಎ.ಸಿ. ಬೇಕೇ ಬೇಕು. ಮಾಳಿಗೆ ಬಿಸಿಯನ್ನು ಒಳಗೆ ಬಿಡದಿದ್ದರೆ ಹೆಸ್ಕಾಂನ ವಿದ್ಯುತ್ ಬಿಲ್ಲೂ ಇಳಿಯುತ್ತದೆ, ಕರೆಂಟು ಹೋದಾಗ ಸುಡುವ ಡೀಸೆಲ್ಲೂ ಉಳಿಯುತ್ತದೆ. ದಿನವೂ ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ಕಡಿಮೆಯಾಗುವುದರಿಂದ ಸೋರಿಕೆ ದುರಸ್ತಿಯ ಖರ್ಚೂ ತಗ್ಗುತ್ತದೆ. ಪರಿಸರದ ಲಾಭವನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ; 2,400 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಮ್ಮ ಕೂಡಗಿಯಲ್ಲೇ ಇದೆ. ಇನ್ನು ಎ.ಸಿ. ಹೊರಗೆ ಉಗುಳುವ ಬಿಸಿ ಯಾರ ಮೇಲೆ ಬೀಳುತ್ತದೆ ಎಂದರೆ, ಗೋಡೆಯ ಬದಿ ಬುತ್ತಿ ಬಿಚ್ಚಿಕೊಂಡು ಕುಳಿತ ರೋಗಿಗಳ ಬಂಧುಗಳ ಮೇಲೆ.

ಕೆಲಸ ದೊಡ್ಡದೇನಲ್ಲ. ಬರಿಯ ಕಾಂಕ್ರೀಟಾದರೆ ಸುಣ್ಣ ನೆನೆಸಿ, ಸೋಸಿ, ಅಂಟು ಬೆರೆಸಿ ಎರಡು ಕೈ ಬಳಿದರೆ ಸಾಕು. ಮಳೆಗೆ ತೊಳೆದುಹೋಗುತ್ತದೆ, ವರ್ಷವೂ ಬಳಿಯಬೇಕು. ಡಾಂಬರು ಹಾಳೆಯ ಮೇಲೆ ಸುಣ್ಣ ನಿಲ್ಲದು, ಅಲ್ಲಿ ಬಿಳಿ ಲೇಪನವೇ ಆಗಬೇಕು. ನಮ್ಮ ಊರಿನ ದೂಳು ಕೂತರೆ ಬಿಳುಪು ಮಂಕಾಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಒಮ್ಮೆ ಗುಡಿಸಿ ತೊಳೆಯಬೇಕು. ಟ್ಯಾಂಕುಗಳಿಗೂ ಬಿಳಿ ಬಳಿಯಲಿ. ಆಸ್ಪತ್ರೆಗಳ ನಿರ್ವಹಣೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಗಳು ಇದನ್ನು ಜನವರಿಯಲ್ಲೇ ನಿರ್ಣಯಿಸಬೇಕು, ಮೇ ತಿಂಗಳಲ್ಲಿ ಅಲ್ಲ. ಸಚಿವರು ಬರುತ್ತಾರೆಂದರೆ ಎದುರಿನ ಗೋಡೆಗೆ ಒಂದೇ ರಾತ್ರಿಯಲ್ಲಿ ಬಣ್ಣ ಬರುತ್ತದೆ. ಮಾಳಿಗೆಗೆ ಆ ಭಾಗ್ಯವಿಲ್ಲ, ಅದು ಸಚಿವರ ಕಣ್ಣಿಗೆ ಬೀಳುವುದಿಲ್ಲ.

ಮನೆಯ ಸಮೀಪದ ಯಾವುದೇ ಆರೋಗ್ಯ ಕೇಂದ್ರದವರು ಕರೆದರೆ ಟೇಪು ಹಿಡಿದು ಬಂದು ಅಳತೆ ತೆಗೆದು ಅಂದಾಜುಪಟ್ಟಿ ಮಾಡಿಕೊಡುತ್ತೇನೆ. ಬಸ್ ಚಾರ್ಜೂ ಬೇಡ.

– ನಿವೃತ್ತ ಕಿರಿಯ ಎಂಜಿನಿಯರ್, ವಿಜಯಪುರ